ಕಿವಿಯಕ್ಕ ಮತ್ತು ಎರಡು ಗೀರಿನ ನೀಲಿ ತಟ್ಟೆ

ಆ ಮನೆಯಲ್ಲಿ ಸಂಜೆಯ ಮಾತು ಶುರುವಾಗುವುದು ಇಪ್ಪತ್ತಾರು ವರ್ಷಗಳಿಂದ ಒಂದೇ ಪ್ರಶ್ನೆಯಿಂದ. ಹೆಂಡತಿ ಬಾಗಿಲಲ್ಲಿ ಚಪ್ಪಲಿ ಕಳಚುವಷ್ಟರಲ್ಲೇ ಗಂಡ ಅಡುಗೆಮನೆಯಿಂದ ಕೂಗುತ್ತಾನೆ: “ಇವತ್ತು ಏನು ಕೇಳಿಸ್ತು?”

“ಏನೂ ಕೇಳಿಸ್ಲಿಲ್ಲ,” ಅನ್ನುತ್ತಾಳೆ ಅವಳು.

ಹಾಗಂದರೆ ದಿನ ಚೆನ್ನಾಗಿ ಹೋಯಿತು ಅಂತ. ಗಂಡ ನೆಮ್ಮದಿಯಾಗಿ ಚಹಾ ಸೋಸುತ್ತಾನೆ. ಬಸ್ ಓಡಿಸಿ ನಿವೃತ್ತನಾದವನು. ಇಂಜಿನ್ನಿನ ಪಕ್ಕದಲ್ಲಿ ಕೂತೂ ಕೂತೂ ಎಡಗಿವಿಯನ್ನು ಅರ್ಧಕ್ಕರ್ಧ ಕಳೆದುಕೊಂಡಿದ್ದಾನೆ. ಹೆಂಡತಿಯ ಕಿವಿ ಇಬ್ಬರಿಗೂ ಸಾಕಾಗಿ ಮಿಗುತ್ತದೆ ಅನ್ನುವುದು ಅವನ ಅಂಬೋಣ. ಅದೇನು ಸುಳ್ಳಲ್ಲ. ಊರಾಚೆಯ ರೆಕಾರ್ಡ್ ಕಾರ್ಖಾನೆಯಲ್ಲಿ ಅವಳ ಕೆಲಸವೇ ಕೇಳುವುದು. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಕಿವಿಯಕ್ಕ.

ಪ್ರೆಸ್ಸಿನ ಹಾಲಿಗೆ ಅಂಟಿಕೊಂಡ ಒಂದು ಪುಟ್ಟ ಕೋಣೆ ಅವಳದು. ಹಿಂದೆ ಪೊರಕೆ ಬಕೆಟ್ಟು ಇಡುತ್ತಿದ್ದ ಜಾಗ. ನಾಲ್ಕೂ ಗೋಡೆಗೆ ಹಳೆ ಕಂಬಳಿ ಹೊಡೆದಿದ್ದಾರೆ. ಒಂದು ಮೇಜು, ಅದರ ಮೇಲೆ ರೆಕಾರ್ಡ್ ಪ್ಲೇಯರು, ಕತ್ತು ಬಗ್ಗಿಸುವ ದೀಪ, ಎರಡು ಸ್ಪೀಕರು, ಒಂದು ಕಾಲಿಗೆ ರಟ್ಟು ಸಿಕ್ಕಿಸಿದ ಕುರ್ಚಿ. ಹಾಲಿನ ಕಡೆಗೆ ಅಂಗೈ ಅಗಲದ ಕಿಟಕಿ. ಆಚೆ ಬಿಸಿ ಬಿಸಿ ಪ್ಲಾಸ್ಟಿಕ್ ಉಂಡೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು, ಉಸ್ಸಂತ ಹಬೆ ಬಿಟ್ಟು, ಅಮುಕಿ ಹಾಡಿನ ತಟ್ಟೆ ಮಾಡುತ್ತಾರೆ. ಮೊದಲನೆಯ ತಟ್ಟೆ ಅವಳ ಕೈಗೆ ಬರಬೇಕು. ಆಮೇಲೆ ಪ್ರತಿ ಐವತ್ತಕ್ಕೆ ಒಂದು. ಏನಾದರೂ ಹೆಚ್ಚುಕಮ್ಮಿ ಕೇಳಿಸಿದರೆ ಕಿಟಕಿಗೆ ಬಾಯಿ ಹಚ್ಚಿ ಒಂದೇ ಮಾತು: “ನಿಲ್ಸಿ!” ಅಷ್ಟು ಗದ್ದಲದಲ್ಲೂ ಆ ಕೂಗು ಪ್ರೆಸ್ಸಿನವನಿಗೆ ಮುಟ್ಟುತ್ತಿತ್ತು. ಅವನು ಲಿವರ್ ಎಳೆದು ನಿಲ್ಲಿಸುತ್ತಿದ್ದ, ಯಾಕೆ ಅಂತ ಆಮೇಲೆ ಕೇಳುತ್ತಿದ್ದ.

ಅವಳು ಹಾಡು ಕೇಳುತ್ತಾಳೆ ಅಂದುಕೊಂಡು ಹೊಟ್ಟೆಕಿಚ್ಚು ಪಡುವವರಿದ್ದರು. ಗಂಡನ ತಂಗಿ, ಅಂದರೆ ನಾದಿನಿ, ಅದೇ ಕಾರ್ಖಾನೆಯಲ್ಲಿ ತಟ್ಟೆಗಳನ್ನು ರಟ್ಟಿನ ಕವರಿಗೆ ತುಂಬುವ ಮೇಜಿನಲ್ಲಿ ನಿಂತೇ ಕೆಲಸ ಮಾಡುತ್ತಾಳೆ. “ನಮ್ಮತ್ತಿಗೆಗೇನು, ಕೂತಲ್ಲೇ ಕಛೇರಿ,” ಅಂತ ಅವಳ ಕೊಂಕು. ನಿಜ ಏನೆಂದರೆ ಅಷ್ಟು ವರ್ಷದಲ್ಲಿ ಅತ್ತಿಗೆ ಒಂದು ಹಾಡನ್ನೂ ಹಾಡಾಗಿ ಕೇಳಿದವಳಲ್ಲ. ಅವಳ ಕಿವಿ ಹುಡುಕುತ್ತಿದ್ದುದು ಹಾಡಿನ ಮೇಲೆ ಬಿದ್ದ ಕಸವನ್ನು. ಟಿಕ್ಕು ಅಂದರೆ ಒಂದೇ ಕಡೆ ಬಡಿಯುವ ಸದ್ದು. ಒಣ ಎಲೆ ಅಂದರೆ ಉದ್ದಕ್ಕೂ ಚರಚರ. ಕುಂಟು ಅಂದರೆ ನಡುವಿನ ತೂತು ಪಕ್ಕಕ್ಕೆ ಸರಿದು ರಾಗ ತೂರಾಡುವುದು. ಇವು ಯಾವುದೂ ಇಲ್ಲದಿದ್ದರೆ ಏನೂ ಕೇಳಿಸಲಿಲ್ಲ ಅಂತ ಲೆಕ್ಕ.

ಇನ್ನೊಂದು ಪಟ್ಟು ಅವಳದು: ಒಂದು ತಟ್ಟೆಯನ್ನು ಒಂದೇ ಸಲ ಕೇಳುವುದು. “ಎರಡನೇ ಸಲ ಕೇಳಿದ್ರೆ ಕಿವಿ ರಾಜಿ ಮಾಡ್ಕೊಳ್ಳೋಕೆ ಶುರು ಮಾಡತ್ತೆ. ಮೊದಲನೇ ಸಲ ಅದಕ್ಕೆ ಯಾರ ದಾಕ್ಷಿಣ್ಯವೂ ಇರಲ್ಲ,” ಅನ್ನುತ್ತಿದ್ದಳು. ಈ ಪಟ್ಟೇ ಅವಳನ್ನು ಕೆಡವಿದ್ದು.

ನೀಲಿ ತಟ್ಟೆಯ ಕೆಲಸ ಬಂದದ್ದು ಒಂದು ಸೋಮವಾರ. ಮಾಮೂಲಿ ಕಪ್ಪಲ್ಲ, ಗಾಜಿನ ಹಾಗೆ ಆಚೆ ಈಚೆ ಕಾಣುವ ನೀಲಿ. ಈಚೆಗೆ ಇಂಥ ಷೋಕಿಗಳದ್ದೇ ಕಾಲ. ಹಾಡನ್ನು ಫೋನಿನಲ್ಲಿ ಪುಕ್ಕಟೆ ಕೇಳುವವರ ಕೈಗೆ ತಟ್ಟೆ ಕೊಡಬೇಕಾದರೆ ಅದರಲ್ಲಿ ಏನಾದರೂ ಚಮತ್ಕಾರ ಬೇಕು. ಒಂದಕ್ಕೆ ಒಳಗೆ ಚಿತ್ರ, ಒಂದಕ್ಕೆ ಬಣ್ಣದ ಎರಚು, ಒಂದಕ್ಕೆ ಕತ್ತಲಲ್ಲಿ ಮಿಣಿಮಿಣಿ. ಕಿವಿಯಕ್ಕನಿಗೆ ಯಾವುದರ ಬಗ್ಗೆಯೂ ತಕರಾರಿಲ್ಲ. ಬಣ್ಣ ಕಿವಿಗೆ ಬೀಳುವುದಿಲ್ಲವಲ್ಲ.

ಮೊದಲ ತಟ್ಟೆ ಕೇಳಿದಳು. ಗಂಡಸಿನ ದನಿ, ನಿಧಾನದ ಹಾಡು, ಶುದ್ಧ. ಐವತ್ತು, ನೂರು, ನೂರೈವತ್ತು, ಎಲ್ಲದರಲ್ಲೂ ಅದೇ. ನಾನೂರನೆಯದಕ್ಕೆ ಪ್ಲೇಯರಿನ ಮುಳ್ಳು ಇಟ್ಟಳು, ಹೆಣ್ಣುದನಿ ಬಂತು. ಬೇರೆ ಹಾಡು, ಬೇರೆ ತಾಳ. ಕಾಗದದ ಲೇಬಲ್ಲಿನ ಮೇಲೆ ಹಳೆ ಹಾಡಿನ ಹೆಸರೇ ಇದೆ.

“ನಿಲ್ಸಿ!”

ಪ್ರೆಸ್ಸಿನವನು ಬೆವರು ಒರೆಸುತ್ತ ಬಂದ. “ಏನಕ್ಕಾ?”

“ಅಚ್ಚು ಯಾವಾಗ ಬದಲಾಯಿಸಿದೆ?”

“ಬದಲಾಯಿಸೇ ಇಲ್ಲ. ಬೆಳಗ್ಗೆ ಹಾಕಿದ್ದೇ.”

“ಹಂಗಾದ್ರೆ ಈ ಹಾಡೋನು ಊಟಕ್ಕೆ ಹೋಗಿ ಹೆಂಗಸಾಗಿ ಬಂದ್ನಾ?”

ಪ್ರೆಸ್ಸಿನವನು ತಲೆ ಕೆರೆದುಕೊಂಡ. ಅದೇ ತಟ್ಟೆಯನ್ನು ಇನ್ನೊಮ್ಮೆ ಹಾಕಿದ್ದರೆ ಗಂಡಸು ವಾಪಸ್ ಬರುತ್ತಿದ್ದನೋ ಏನೋ. ಅವಳು ಹಾಕಲಿಲ್ಲ, ಪಟ್ಟು. ಅನುಮಾನ ಬಂದರೆ ರಾಶಿ ಪೂರ್ತಿ ಪುಡಿ ಮಾಡುವ ಗಿರಣಿಗೆ ಅನ್ನುವುದು ಕಾರ್ಖಾನೆಯ ನಿಯಮ. ಸಂಜೆಯೊಳಗೆ ನಾನೂರು ನೀಲಿ ತಟ್ಟೆ ಕರಕರ ಅಂತ ಪುಡಿಯಾದವು.

ಮಾರನೇ ದಿನ ಮ್ಯಾನೇಜರು ಮೆಟ್ಟಿಲಿಳಿದು ಬಂದರು. ಅವರು ಕೆಳಗೆ ಬರುವುದೇ ಅಪರೂಪ. ಬಂದರೆ ಯಾರಿಗೋ ಗ್ರಹಚಾರ. ವಿಷಯ ಆಗ ಹೊರಬಿತ್ತು. ಆ ತಟ್ಟೆಯ ಒಂದೇ ಮುಖದಲ್ಲಿ ಮುಳ್ಳು ಓಡುವ ಗೀರು ಒಂದಲ್ಲ, ಎರಡು; ಜಡೆಯ ಎರಡು ಎಳೆಯ ಹಾಗೆ ಅಕ್ಕಪಕ್ಕದಲ್ಲೇ ಸುತ್ತಿಕೊಂಡು ಒಳಗೆ ಹೋಗುತ್ತವೆ. ಮುಳ್ಳು ಯಾವುದರ ಬಾಯಿಗೆ ಬೀಳುತ್ತದೋ ಆ ಹಾಡು. ಲೇಬಲ್ಲಿನಲ್ಲಿ ಒಂದರ ಹೆಸರು ಮಾತ್ರ. ಕೊಂಡವನು ಎಂದೋ ಒಂದು ದಿನ ಇನ್ನೊಂದಕ್ಕೆ ಎಡವಿ ಬೆರಗಾಗಬೇಕು.

“ಇದನ್ನ ನಂಗೆ ಹೇಳಿರಲಿಲ್ಲ ಸಾರ್.”

“ತಟ್ಟೆ ಮಾಡಿಸೋರ ಜೊತೆ ಗುಟ್ಟು ಅಂತ ಒಪ್ಪಂದ ಆಗಿತ್ತು. ಹೊರಗೆ ಗೊತ್ತಾದ್ರೆ ಮಜಾನೇ ಹೋಯ್ತು.”

“ಕೇಳೋರಿಗೆ ಗುಟ್ಟು ಸರಿ. ಮಾಡೋರಿಗೂ ಗುಟ್ಟಾ?”

ಮ್ಯಾನೇಜರು ಮಾತನ್ನು ನಷ್ಟದ ಕಡೆ ತಿರುಗಿಸಿದರು. ಆ ನೀಲಿ ಪ್ಲಾಸ್ಟಿಕ್ ಕಾಳು ದೂರದಿಂದ ತರಿಸಿದ್ದು, ಪುಡಿಯಾದ ಮೇಲೆ ಮತ್ತೆ ಆ ಹೊಳಪು ಬರದು, ಹೊಸದು ಬರುವುದಕ್ಕೆ ನಾಲ್ಕು ವಾರ ಅಂತ ಒಂದೇ ಉಸಿರಿಗೆ ಅಂದರು. ಮೇಲಿನ ಮಹಡಿಯಲ್ಲಿ ಬಾಯಿ ಮುಚ್ಚಿಕೊಂಡರೆ ಅದಕ್ಕೆ ಒಪ್ಪಂದ ಅಂತ ಹೆಸರು. ಕೆಳಗಿನವಳು ತನಗೆ ಹೇಳದೇ ಇದ್ದದ್ದು ಗೊತ್ತಿಲ್ಲದೆ ಎಡವಿದರೆ ಅದು ನಿರ್ಲಕ್ಷ್ಯ. ಅವಳನ್ನು ಕಿವಿ ಡಾಕ್ಟರ ಬಳಿ ಕಳಿಸಿದರು. ಡಾಕ್ಟರು ಪ್ರಾಮಾಣಿಕರು, ಇದ್ದದ್ದನ್ನೇ ಬರೆದರು: ತೀರ ಸಣ್ಣ, ಚೂಪು ದನಿಗಳು ಸ್ವಲ್ಪ ಮಂಕು, ವಯಸ್ಸಿಗೆ ತಕ್ಕಂತೆ. ಮ್ಯಾನೇಜರಿಗೆ ಮಂಕು ಅನ್ನುವ ಒಂದು ಪದ ಸಾಕಾಯಿತು. ಇನ್ನು ಮುಂದೆ ತಟ್ಟೆ ತಾವೇ ಕೇಳುವುದಾಗಿಯೂ ಅವಳು ಕವರಿನ ಮೇಜಿಗೆ ಹೋಗಬೇಕೆಂದೂ ಹೇಳಿಬಿಟ್ಟರು. “ಎರಡು ಕಿವಿ ಇದ್ದೋರು ಯಾರು ಬೇಕಾದ್ರೂ ಮಾಡೋ ಕೆಲಸ ಅಲ್ವಾ ಇದು?”

ಅವತ್ತು ಸಂಜೆ ಗಂಡ ಪ್ರಶ್ನೆ ಕೂಗಿದಾಗ ಅವಳು ಹೊಸ್ತಿಲ ಮೇಲೇ ಕೂತುಬಿಟ್ಟಳು. ಅವನು ಹೊರಗೆ ಬಂದು ಮುಖ ನೋಡಿದ. ಅವಳು ಎಲ್ಲ ಹೇಳಿದ ಮೇಲೆ ಅಂದ, “ಬ್ರೇಕ್ ಫೇಲ್ ಅಂತ ಗೊತ್ತಿದ್ದೂ ಡ್ರೈವರಿಗೆ ಹೇಳದೆ ಬಸ್ಸು ಕೊಟ್ಟಂಗಾಯ್ತು.”

“ಕೆಲಸ ಹೋಗಿಲ್ಲ ರೀ. ಜಾಗ ಬದಲಾಗಿದೆ, ಅಷ್ಟೇ.”

“ಅಷ್ಟೇ ಅನ್ನೋ ಮುಖ ಅಲ್ಲ ಇದು.”

ಅಲ್ಲ ನಿಜ. ಅವಳಿಗೆ ಬೇಕಾಗಿದ್ದದ್ದು ಆ ಕಂಬಳಿ ಗೋಡೆಯ ಕೋಣೆ, ಮತ್ತು ತಾನು ಅವತ್ತು ಕೇಳಿದ್ದು ಸರಿಯಾಗಿಯೇ ಕೇಳಿದ್ದು ಅನ್ನುವ ಒಂದು ಮಾತು. ಎರಡನ್ನೂ ಕಾರ್ಖಾನೆಯಲ್ಲಿ ಯಾರೂ ಕೊಡುವ ಹಾಗೆ ಕಾಣಲಿಲ್ಲ.

ಕವರಿನ ಮೇಜಿನಲ್ಲಿ ನಾದಿನಿ ಮೊದಲ ದಿನವೇ ಅಣಕಿಸಿದಳು. “ಬಾ ಅತ್ತಿಗೆ, ಕಛೇರಿ ಮುಗೀತಾ?” ಆದರೆ ಮಧ್ಯಾಹ್ನದ ಹೊತ್ತಿಗೆ ತನ್ನ ಕಾಲಡಿಯ ಮೆತ್ತನೆ ಚಾಪೆಯನ್ನು ಅತ್ತಿಗೆಯ ಕಡೆ ಜರುಗಿಸಿದವಳೂ ಅವಳೇ. ನಾಲ್ಕು ವಾರ ಹೀಗೇ ಹೋಯಿತು. ಕಾಲು ಬಾತುಕೊಂಡಿತು, ಬಾಯಿಗೆ ಮಾತ್ರ ಕೆಲಸ ಸಿಕ್ಕಿತು. ಇಪ್ಪತ್ತಾರು ವರ್ಷ ಒಬ್ಬಳೇ ಕೂತವಳಿಗೆ ಇಡೀ ದಿನ ಹರಟೆ ಹೊಡೆಯಬಹುದು ಅನ್ನುವುದು ಹೊಸ ಸುದ್ದಿ.

ಹೊಸ ನೀಲಿ ಕಾಳು ಬಂತು, ಪ್ರೆಸ್ಸು ಶುರುವಾಯಿತು. ತಟ್ಟೆಗಳನ್ನು ಒಂದರ ಮೇಲೊಂದು ಸಲಾಕೆಗೆ ಪೋಣಿಸಿ ಒಂದು ರಾತ್ರಿ ಆರಲು ಬಿಡುತ್ತಾರೆ, ಆಮೇಲೆ ಕವರಿಗೆ. ಮೇಲಿನದು ಮೊದಲು ತೆಗೆಯಬೇಕು, ಅಂದರೆ ಕೊನೆಗೆ ಒತ್ತಿದ್ದು ಮೊದಲು ಕೈಗೆ ಬರುತ್ತದೆ. ಎರಡನೆಯ ದಿನ ಬೆಳಗ್ಗೆ ಕಿವಿಯಕ್ಕ ತಟ್ಟೆಗಳನ್ನು ಒಂದೊಂದೇ ಬೆಳಕಿಗೆ ಹಿಡಿದು ಕವರಿಗೆ ಸೇರಿಸುತ್ತಿದ್ದಳು. ಒಂದು ಕಡೆ ಸೂಜಿಮೊನೆಯಷ್ಟು ಮಿಣುಕು. ಧೂಳು ಅಂತ ಒರೆಸಿದಳು, ಹೋಗಲಿಲ್ಲ. ಮುಂದಿನದರಲ್ಲೂ ಅದೇ ಜಾಗದಲ್ಲಿ. ಅದರ ಮುಂದಿನದರಲ್ಲೂ. ಎಪ್ಪತ್ತು ಎಂಬತ್ತು ತಟ್ಟೆ ಕೆಳಗಿಳಿದ ಮೇಲೆ ಮಿಣುಕು ಮಾಯ.

ಅವಳಿಗೆ ತಿಳಿದುಹೋಯಿತು. ಏನೋ ಕಣ ಸಿಕ್ಕಿ ಅಚ್ಚು ನಜ್ಜಿದೆ, ನಿನ್ನೆ ಮಧ್ಯಾಹ್ನ ಯಾವಾಗಲೋ. ಅಂದರೆ ಇವತ್ತು ಬೆಳಗಿನಿಂದ ಒತ್ತುತ್ತಿರುವುದೂ ಅಷ್ಟೇ.

ಹಾಲಿಗೆ ಓಡಿದಳು. “ನಿಲ್ಸಪ್ಪಾ.”

ಪ್ರೆಸ್ಸಿನವನ ಕೈ ಲಿವರಿನ ಕಡೆಗೆ ಹೋಗಿ ಅಲ್ಲೇ ನಿಂತಿತು. “ಅಕ್ಕಾ, ಬೇಜಾರು ಮಾಡ್ಕೋಬೇಡ. ನೀನು ಹೇಳಿದ್ರೆ ನಿಲ್ಸಬಾರದು ಅಂತ ಅಪ್ಪಣೆ ಆಗಿದೆ. ಸಾಹೇಬ್ರು ಬೆಳಗ್ಗೆ ಕೇಳಿ ಸರಿ ಇದೆ ಅಂದ್ರಲ್ಲ.”

“ಹೆಂಗೆ ಕೇಳಿದ್ರು?”

“ಹಾಕಿದ್ರು, ಹೆಂಗಸು ಬಂದ್ಳು, ಎತ್ತಿದ್ರು. ಮತ್ತೆ ಹಾಕಿದ್ರು, ಗಂಡಸು ಬಂದ. ಅವರ ಚೀಟೀಲಿ ಇರೋ ಹಾಡು ಅದೇ ಅಲ್ವಾ. ಅರ್ಧ ಕೇಳಿದ್ರು, ಫೋನ್ ಬಂತು, ಹೋದ್ರು.”

ಗುಟ್ಟಿನ ಹಾಡನ್ನು, ಅಂದರೆ ಹೆಂಗಸಿನದನ್ನು, ಯಾರೂ ಪೂರ್ತಿ ಕೇಳಿಯೇ ಇಲ್ಲ ಅನ್ನುವುದು ಅಲ್ಲಿಗೆ ಸ್ಪಷ್ಟವಾಯಿತು.

ಸುಮ್ಮನೆ ಹೋಗಿ ಚಾಪೆಯ ಮೇಲೆ ನಿಂತು ಕವರು ತುಂಬಬಹುದಿತ್ತು. ಈ ಸಲದ ಮಾನ ಮ್ಯಾನೇಜರದು, ಹೋದರೆ ಅವರದೇ ಹೋಗುತ್ತದೆ. ನಾದಿನಿಯ ಸಲಹೆಯೂ ಅದೇ: “ಬಿಡು ಅತ್ತಿಗೆ, ಮುಳುಗಲಿ.” ಆದರೆ ಕೆಟ್ಟ ತಟ್ಟೆ ಅಂತ ಗೊತ್ತಿದ್ದೂ ಕವರಿಗೆ ಹಾಕುವುದಕ್ಕೆ ಅವಳ ಕೈ ಬರಲಿಲ್ಲ. ಮಿಣುಕಿನ ತಟ್ಟೆಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದಿನ ಮೆಟ್ಟಿಲು ಹತ್ತಿದಳು.

ಅಲ್ಲಿ ಗೀರಜ್ಜನ ಕೋಣೆ. ಅಚ್ಚು ತೆಗೆಯುವ ಮೂಲ ತಟ್ಟೆಗೆ ಗೀರು ಕೊರೆಯುವವನು, ದಪ್ಪ ಕನ್ನಡಕ, ಬಿಳಿ ಮೀಸೆ. ಎರಡು ಗೀರಿನ ಕಸುಬು ಅವನದೇ. ಅವಳನ್ನು ನೋಡಿ ಎದ್ದು ನಿಂತ.

“ನಾನು ನಿಂಗೆ ಹೇಳಬೇಕಿತ್ತು ಕಣಮ್ಮ. ಹೇಳಬೇಡ ಅಂದ್ರು, ಹೂಂ ಅಂದೆ. ನಾಲ್ಕು ವಾರದಿಂದ ಮುಖ ತಪ್ಪಿಸ್ಕೊಂಡು ಓಡಾಡ್ತಿದೀನಿ.”

“ಆಮೇಲೆ ಬೈತೀನಿ. ಮೊದಲು ಇದನ್ನ ಹೇಳು ಅಜ್ಜ. ಬೇಕಾದ ಗೀರಿಗೆ ಬೇಕಾದಾಗ ಮುಳ್ಳು ಇಡೋದು ಹೆಂಗೆ?”

“ಆಗಲ್ಲ. ಅದು ಅದೃಷ್ಟ. ಅದೇ ಅಲ್ವಾ ಗಮ್ಮತ್ತು?”

“ಅದೃಷ್ಟ ನಂಬ್ಕೊಂಡು ತಟ್ಟೆ ಪಾಸ್ ಮಾಡೋಕಾಗತ್ತಾ?”

ಊಟದ ಹೊತ್ತು ಪೂರ್ತಿ ಇಬ್ಬರೂ ಅವನ ಪ್ಲೇಯರಿನ ಮುಂದೆ ಬಗ್ಗಿದರು. ತಿರುಗುವ ತಟ್ಟೆಯ ಮೇಲೆ ಮುಳ್ಳು ಇಟ್ಟರೆ ಯಾವ ಬಾಯಿಗೆ ಬೀಳುತ್ತದೆ ಅಂತ ಹೇಳಲಾಗದು. ಹಾಗಾದರೆ ನಿಂತ ತಟ್ಟೆಯ ಮೇಲೆ ಇಟ್ಟು ಆಮೇಲೆ ತಿರುಗಿಸಿದರೆ? ಎಲ್ಲಿ ಇಡುವುದು? ಲೇಬಲ್ಲಿನ ಅಕ್ಷರವನ್ನು ಗುರುತು ಹಿಡಿದು ನೋಡಿದರು. ಅಜ್ಜನ ಬಳಿ ಮಾದರಿಗೆಂದು ಇದ್ದ ಇನ್ನೊಂದು ತಟ್ಟೆಯಲ್ಲಿ ಅದು ಕೈಕೊಟ್ಟಿತು, ಯಾಕೆಂದರೆ ಕಾಗದ ಅಚ್ಚಿನಲ್ಲಿ ಹೇಗೆ ಬೇಕಾದರೂ ಕೂರುತ್ತದೆ. ಆಗ ಕಿವಿಯಕ್ಕನ ಕಣ್ಣು ಲೇಬಲ್ಲಿನ ಪಕ್ಕದ ಖಾಲಿ ಅಂಚಿಗೆ ಬಿತ್ತು. ಪ್ರತಿ ಮೂಲ ತಟ್ಟೆಗೂ ಗೀರಜ್ಜ ಅಲ್ಲಿ ಮೊಳೆಯಿಂದ ಒಂದು ಸಂಖ್ಯೆ ಗೀಚುತ್ತಾನೆ.

“ಅಜ್ಜ, ಈ ನಂಬರು ಅಚ್ಚಲ್ಲೇ ಇರೋದಲ್ವಾ? ಇದು ಕಾಗದದ ಥರ ತಿರುಗಲ್ಲ.”

ಗೀರಜ್ಜ ಕನ್ನಡಕ ತೆಗೆದು ಒರೆಸಿದ. ತನ್ನ ಕೈಬರಹವನ್ನೇ ಮೊದಲ ಸಲ ನೋಡುವವನ ಹಾಗೆ ನೋಡಿದ.

ಸಂಖ್ಯೆಯ ಮೊದಲ ಅಂಕಿಯ ನೇರಕ್ಕೆ, ಹೊರಗಿನ ಅಂಚಿನಲ್ಲಿ ಮುಳ್ಳು ಇಟ್ಟು ಮೋಟಾರು ಹಾಕಿದರು: ಗಂಡಸು. ಅದರ ಎದುರು ತುದಿಯಲ್ಲಿ ಇಟ್ಟರು: ಹೆಂಗಸು. ಮತ್ತೆ ಗಂಡಸು. ಮತ್ತೆ ಹೆಂಗಸು. ಒಂದೂ ತಪ್ಪಲಿಲ್ಲ. ಹೆಂಗಸಿನ ಹಾಡು ಎರಡು ನಿಮಿಷ ಸರಾಗ ಹೋಗಿ ಮಿಣುಕಿನ ಜಾಗಕ್ಕೆ ಬಂದಾಗ ಮುಳ್ಳು ಟಿಕ್ಕೆಂದು ಹಾರಿ ಪಕ್ಕದ ಗೀರಿಗೆ ಬಿತ್ತು. ಅರ್ಧ ಮಾತಿನಲ್ಲಿ ಹೆಂಗಸು ಹೋಗಿ ಗಂಡಸು ಬಂದ.

“ಕೊಂದರು ನನ್ನ ಗೀರನ್ನ,” ಅಂದ ಗೀರಜ್ಜ. ಅಲ್ಲಿಂದಲೇ ಮ್ಯಾನೇಜರಿಗೆ ಫೋನು ಮಾಡಿದ.

ಕಂಬಳಿ ಕೋಣೆಯಲ್ಲಿ ನಾಲ್ವರು ಹಿಡಿಸುವುದಿಲ್ಲ. ಆದರೂ ಮ್ಯಾನೇಜರು, ಗೀರಜ್ಜ, ಕಿವಿಯಕ್ಕ ಒಳಗೆ ತುರುಕಿಕೊಂಡರು, ನಾದಿನಿ ಬಾಗಿಲಲ್ಲಿ ಕವರು ಹಿಡಿದು ನೆಪಕ್ಕೆ ನಿಂತಳು. ಕಿವಿಯಕ್ಕ ಆಗಷ್ಟೇ ಪ್ರೆಸ್ಸಿನಿಂದ ಇಳಿದ, ಇನ್ನೂ ಬೆಚ್ಚಗಿದ್ದ ತಟ್ಟೆ ಹಾಕಿ ಹೇಳಿದಳು, “ಈಗ ಗಂಡಸು.” ಬಂದ. “ಈಗ ಹೆಂಗಸು.” ಬಂದಳು. ಮ್ಯಾನೇಜರು ಹುಬ್ಬೇರಿಸಿದರು. ಎರಡು ನಿಮಿಷ ಹಾಡು ಸರಾಗ ಹೋಯಿತು. ಟಿಕ್ಕು. ಹೆಂಗಸು ಮಾಯ.

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. “ಇದೂ ಒಂದು ಚಮತ್ಕಾರ ಅಂತಾನೇ ಇರಬಹುದಲ್ಲ?”

“ನಾನು ಕೊರೆದೋನು ಇಲ್ಲೇ ನಿಂತಿದೀನಿ,” ಅಂದ ಗೀರಜ್ಜ. “ನಾನು ಮಾಡಿಲ್ಲ.”

ಆಚೆ ಪ್ರೆಸ್ಸು ಮತ್ತೊಂದು ತಟ್ಟೆಗೆ ಉಸ್ಸಂದಿತು. ಆ ಸದ್ದು ಕೇಳಿದ್ದೇ ತಡ, ಅಪ್ಪಣೆ ಗಿಪ್ಪಣೆ ಯಾವುದೂ ಅವಳ ನೆನಪಿಗೆ ಬರಲಿಲ್ಲ. ಕಿಟಕಿಗೆ ಬಾಯಿ ಹಚ್ಚಿದಳು.

“ನಿಲ್ಸಿ!”

ಪ್ರೆಸ್ಸಿನವನು ಲಿವರ್ ಎಳೆದ. ಯಾಕೆ ಅಂತ ಕೇಳಲಿಲ್ಲ, ಸಾಹೇಬರ ಮುಖವನ್ನೂ ನೋಡಲಿಲ್ಲ. ಹಾಲಿನಲ್ಲಿ ಹಬೆ ಇಳಿಯುವ ಸದ್ದೊಂದೇ ಉಳಿಯಿತು.

ಮ್ಯಾನೇಜರು ಅಭ್ಯಾಸದಂತೆ, “ಎಲ್ಲಾ ಗಿರಣಿಗೆ ಹಾಕಿ” ಅಂದರು.

“ಬೇಡ ಸಾರ್. ಆ ತಪ್ಪು ನಾನು ಒಂದ್ಸಲ ಮಾಡಾಗಿದೆ.” ಸಲಾಕೆಯ ಯಾವ ತಟ್ಟೆಯಿಂದ ಮಿಣುಕು ಶುರುವಾಗಿದೆ ಅಂತ ಅವಳಿಗೆ ಗೊತ್ತಿತ್ತು. ಅದರ ಕೆಳಗಿನವುಗಳಲ್ಲಿ ಅಲ್ಲೊಂದು ಇಲ್ಲೊಂದು ಎತ್ತಿ ಎರಡೆರಡು ಸಲ, ಎರಡೂ ಹಾಡಿಗೆ ಒಂದೊಂದು ಸಲ, ಕೇಳಿದಳು. ಎಲ್ಲ ಶುದ್ಧ. ಮೇಲಿನವೂ ಅವತ್ತು ಬೆಳಗಿನವೂ ಮಾತ್ರ ಗಿರಣಿಗೆ ಹೋದವು. ಹೊಸ ಅಚ್ಚು ಮಾರನೇ ದಿನ ಬಂತು, ಅಷ್ಟಕ್ಕೆ ಬೇಕಾದ ನೀಲಿ ಕಾಳು ಚೀಲದ ತಳದಲ್ಲಿ ಇನ್ನೂ ಉಳಿದಿತ್ತು.

ಕೋಣೆ ವಾಪಸ್ ಬಂದದ್ದು ಸಂಭ್ರಮದಿಂದೇನೂ ಅಲ್ಲ. “ನಾಳೆಯಿಂದ ನೀವೇ ಕೂತ್ಕೊಳ್ಳಿ,” ಅಂದರು ಮ್ಯಾನೇಜರು, ಗೋಡೆಯ ಕಂಬಳಿಗೆ ಹೇಳುವ ಹಾಗೆ. ಕ್ಷಮೆ ಕೇಳುವುದು ಮೆಟ್ಟಿಲು ಇಳಿದಷ್ಟು ಸುಲಭ ಅಲ್ಲವಲ್ಲ.

“ಕೂತ್ಕೋತೀನಿ ಸಾರ್. ಇನ್ಮೇಲೆ ಏನೇ ಕಣ್ಕಟ್ಟು ಮಾಡಿದ್ರೂ ಪ್ರೆಸ್ಸಿಗೆ ಹೋಗೋಕೆ ಮುಂಚೆ ನನ್ನ ಮೇಜಿಗೆ ಒಂದು ಚೀಟಿ ಬರಬೇಕು. ಇನ್ನೊಂದು, ನಾನು ಅವತ್ತು ಕೇಳಿದ್ದು ಸರಿಯಾಗೇ ಕೇಳಿದ್ದೆ.”

“ಹೂಂ,” ಅಂದರು ಮ್ಯಾನೇಜರು. ಬಾಗಿಲ ಹತ್ತಿರ ಹೋದವರು ನಿಂತು, “ಸರಿಯಾಗೇ ಕೇಳಿದ್ರಿ,” ಅಂದು ಹೋದರು. ನಾದಿನಿ ಅದನ್ನು ಸಂಜೆಯೊಳಗೆ ಇಡೀ ಕಾರ್ಖಾನೆಗೆ ಹಂಚಿದಳು.

ಆಮೇಲೆ ಚೀಟಿಗಳು ಬರತೊಡಗಿದವು, ಗೀರಜ್ಜನ ಕೋಳಿಕಾಲು ಅಕ್ಷರದಲ್ಲಿ. “ಇದು ಒಳಗಿನಿಂದ ಹೊರಗೆ ಓಡುತ್ತೆ, ಲೇಬಲ್ ಹತ್ತಿರ ಮುಳ್ಳು ಇಡು.” “ಇದರ ಹಿಂಭಾಗದಲ್ಲಿ ಹಾಡಿಲ್ಲ, ಮೀನಿನ ಚಿತ್ರ ಕೊರೆದಿದೆ, ಮುಳ್ಳು ಇಡಬೇಡ.” “ಇದಕ್ಕೆ ಮೂರು ಗೀರು, ಬೈಬೇಡ.” ಅವಳು ಬೈಯುತ್ತಲೇ ಎಲ್ಲವನ್ನೂ ಕೇಳಿದಳು. ಒಂದೇ ಸಲ ಅನ್ನುವ ಪಟ್ಟು ಬಿಟ್ಟುಹೋಯಿತು. ಎರಡನೇ ಸಲ ಕೇಳುವಾಗ ಆಗಾಗ ಹಾಡೂ ಕಿವಿಗೆ ಬೀಳುತ್ತಿತ್ತು. ನೀಲಿ ತಟ್ಟೆಯ ಹೆಂಗಸು ಚೆನ್ನಾಗಿಯೇ ಹಾಡಿದ್ದಾಳೆ ಅಂತ ಗಂಡನಿಗೆ ಒಂದು ಸಂಜೆ ಹೇಳಿದಳು. ಅವನು ಚಹಾ ಸೋಸುವುದನ್ನೇ ನಿಲ್ಲಿಸಿ ನೋಡಿದ.

ಒಂದು ದಿನ ಗೀರಜ್ಜ ಚೀಟಿಯ ಬದಲು ತಾನೇ ಬಂದ. ಹೊಸ ತಟ್ಟೆಯೊಂದನ್ನು ಮಾಡಿಸುವವರಿಗೆ ಅದರ ಕೊನೆಗೆ ಬೀಗದ ಗೀರು ಬೇಕಂತೆ. ಗೀರು ತನ್ನ ಬಾಲವನ್ನೇ ತಾನು ಕಚ್ಚಿಕೊಳ್ಳುತ್ತದೆ, ಮುಳ್ಳು ಅದರಲ್ಲಿ ಸಿಕ್ಕಿಕೊಂಡು ಅದೇ ಸದ್ದನ್ನು ಹೇಳುತ್ತಲೇ ಇರುತ್ತದೆ. ಒಂದು ಸುತ್ತಿಗೆ ಎರಡು ಸೆಕೆಂಡೂ ಇಲ್ಲ. ಏನಾದರೂ ಗಟ್ಟಿ ದನಿ ಹಾಕಿ ಅಂದಿದ್ದಾರೆ.

“ನಿನ್ನ ಕೂಗು ಹಾಕ್ಲಾ? ಕೇಳ್ದೆ ಹಾಕಲ್ಲ. ಅದಕ್ಕೇ ಬಂದೆ.”

“ಹಾಕು. ಆದ್ರೆ ಮೊದಲನೇ ತಟ್ಟೆ ನಾನೇ ಕೇಳೋದು.”

ಕೇಳಿದಳು, ಪಾಸು ಮಾಡಿದಳು. ಗೀರಜ್ಜ ಒಂದನ್ನು ಅವಳ ಕೈಗೆ ಕೊಟ್ಟ. ಸಂಜೆ ಮನೆಯಲ್ಲಿ ಹಳೆಯ ಪ್ಲೇಯರಿನ ಧೂಳು ಒರೆಸಿ ಹಾಕಿದಳು. ಗಂಡ ಬಲಗಿವಿಯನ್ನು ಸ್ಪೀಕರಿಗೆ ಒಡ್ಡಿ ಕೂತ. ಹಾಡು ಮುಗಿಯಿತು. ಆಮೇಲೆ ಅವಳ ದನಿ, ಹಬೆಯ ಉಸ್ಸಿನ ಸಮೇತ: ನಿಲ್ಸಿ! ನಿಲ್ಸಿ! ನಿಲ್ಸಿ!

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದರೂ ಅದು ಮುಗಿಯಲಿಲ್ಲ.

“ಎಷ್ಟು ಹೊತ್ತು ಹೀಗೇ ಕೂಗತ್ತೆ ಇದು?”

“ಯಾರಾದ್ರೂ ಎದ್ದು ಬಂದು ಮುಳ್ಳು ಎತ್ತೋವರೆಗೂ,” ಅಂದಳು ಕಿವಿಯಕ್ಕ. ತಾನು ಏಳಲಿಲ್ಲ. ಕಾಲು ಚಾಚಿ ಚಹಾ ಕುಡಿಯುತ್ತ ಕೂತಳು.